ನಾದಿನಿಯ ಕತ್ತು, ನಮ್ಮನೆಯವರ ಭೂತಗನ್ನಡಿ

ನನ್ನ ನಾದಿನಿ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಗಿರಾಕಿಯ ಮೂಗಿನ ಮೇಲೆ ಕನ್ನಡಕ ಕೂರಿಸಿ, ಕಿವಿಯ ಹಿಂದೆ ಕಡ್ಡಿ ಬಗ್ಗಿಸುತ್ತಾಳೆ. ಹೊಸ ಕನ್ನಡಕದಲ್ಲಿ ಗಿರಾಕಿಗೆ ಮೊದಲು ಕಾಣುವ ಮುಖ ಅವಳದೇ. ಆ ಮುಖದ ಗದ್ದದ ಮೇಲೆ ಕರಿ ಕೂದಲಿತ್ತು. ಕತ್ತಿನ ಹಿಂದೆಯೂ ಇತ್ತು. ಬೀದಿಯ ಮಕ್ಕಳು ಗಡ್ಡದ ಮಿಸ್ ಎನ್ನುತ್ತಿದ್ದರು. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಉಳಿದಳು.

ಆಮೇಲೆ ಕೂದಲು ಕಡಿಮೆಯಾಗುತ್ತಾ ಬಂತು. ಏನು ಹಚ್ಚುತ್ತೀಯೆ ಎಂದು ಕೇಳಿದೆ.

"ಏನೋ ಮುಲಾಮು ಬಿಡಿ ಅತ್ತಿಗೆ."

ಮುಲಾಮಿನ ಡಬ್ಬಿ ಮನೆಯಲ್ಲಿ ಎಲ್ಲೂ ಇರಲಿಲ್ಲ. ಹುಡುಕಿದ್ದೇನೆ.

ನಮ್ಮನೆಯವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ಭಾನುವಾರ ಊಟವಾದ ಮೇಲೆ ಅಣ್ಣ ತಂಗಿ ಅವಳ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಿದ್ದರು. ಏನ್ರೀ ಅದು ಎಂದರೆ, "ರೇಡಿಯೋ ರಿಪೇರಿ ಕಣೇ" ಎನ್ನುತ್ತಿದ್ದರು. ಆ ರೇಡಿಯೋ ಒಂದು ದಿನವೂ ಹಾಡಲಿಲ್ಲ. ಕಟ್ಟಿಕೊಂಡವಳಿಗೆ ಹೇಳದ್ದು ತಂಗಿಯ ಹತ್ತಿರ ಏನಿರುತ್ತದೆ?

ನಿಜ ತಿಳಿದುಕೊಳ್ಳುವ ಮೊದಲೇ ಅವರು ಹೋದರು. ಅಂಗಡಿಯಲ್ಲಿ ಕೂತಲ್ಲೇ ಹೋದರು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಿಂದ ಅವರ ಬಲಗಣ್ಣಿನ ಸುತ್ತ ಗೆರೆ ಬಿದ್ದಿತ್ತು. ಹೆಣವಾದಾಗಲೂ ಆ ಗೆರೆ ಹೋಗಿರಲಿಲ್ಲ.

ಅವರ ಸಾಮಾನಿನ ಡಬ್ಬಿಯನ್ನು ನಾನೇ ಒರೆಸಿ ಇಟ್ಟಿದ್ದೆ. ಒಂದು ಭಾನುವಾರ ನೋಡಿದರೆ ಭೂತಗನ್ನಡಿ ಇಲ್ಲ. ನಾದಿನಿಯ ಕೋಣೆಗೆ ಚಿಲಕ ಬಿದ್ದಿತ್ತು. ಅವರೇ ಇಲ್ಲ, ಈಗ ಒಳಗೆ ಯಾರ ಜೊತೆ? ಬಾಗಿಲು ಬಡಿದೆ.

"ಅವರ ಭೂತಗನ್ನಡಿ ಎಲ್ಲೇ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ, ಬಾಗಿಲು ತೆಗೆದವಳು ಕತ್ತು ಮುಟ್ಟಿಕೊಂಡಳು. ಕತ್ತಿನ ಹಿಂದೆಲ್ಲ ಕೆಂಪು ಚುಕ್ಕೆ, ಒಂದೆರಡು ಕೀವು ಕಟ್ಟಿದ್ದವು. ಮಂಚದ ಮೇಲೆ ಎರಡು ಕನ್ನಡಿ, ಬ್ಯಾಟರಿಯ ಪೆಟ್ಟಿಗೆ, ಅದರಿಂದ ಎರಡು ವೈರು. ಒಂದರ ತುದಿಗೆ ಒದ್ದೆ ಬಟ್ಟೆ ಸುತ್ತಿದ ಕಬ್ಬಿಣದ ಕಡ್ಡಿ, ಇನ್ನೊಂದಕ್ಕೆ ಕೂದಲಷ್ಟೇ ಸಣ್ಣ ಸೂಜಿ. ಪಕ್ಕದಲ್ಲಿ ಚಿಮಟ, ಭೂತಗನ್ನಡಿ.

"ಕರೆಂಟಿನಿಂದ ಕೂದಲಿನ ಬುಡ ಸುಡೋದು ಅತ್ತಿಗೆ. ಅಣ್ಣ ಮಾಡಿಕೊಟ್ಟಿದ್ದು. ಗದ್ದ ನಾನೇ ಮಾಡ್ಕೋತೀನಿ. ಕತ್ತಿನ ಹಿಂದೆ ಅಣ್ಣ ಮಾಡ್ತಿದ್ದ."

"ನನ್ನಿಂದ ಯಾಕೆ ಮುಚ್ಚಿಟ್ಟರು?"

"ನಾನೇ ಆಣೆ ಹಾಕಿಸಿದ್ದೆ. ನೀವು ಬೀದಿಗೆಲ್ಲ ಹೇಳ್ತೀರಿ ಅಂತ."

"ನಾನೇನು ಡಂಗುರದವಳೇನೇ?"

ಅವಳು ಸೂಜಿ ಒರೆಸತೊಡಗಿದಳು.

ನಾನು ನಂಬಲಿಲ್ಲ. ಮಾಡಿ ತೋರಿಸು ಎಂದೆ. ಒಂದು ಕೈಯಲ್ಲಿ ಕಡ್ಡಿ, ಇನ್ನೊಂದರಲ್ಲಿ ಸೂಜಿ. ಕನ್ನಡಿಯೊಳಗಿನ ಕನ್ನಡಿ ನೋಡುತ್ತಾ ಸೂಜಿಯನ್ನು ಎಡಕ್ಕೆ ಒಯ್ಯಬೇಕಾದಲ್ಲಿ ಬಲಕ್ಕೆ ಒಯ್ದಳು. ಬರೀ ಚರ್ಮಕ್ಕೆ ಚುಚ್ಚಿಕೊಂಡಳು. ಚುಕ್ಕೆಗಳು ಎಲ್ಲಿಂದ ಬಂದವು ಎಂದು ತಿಳಿಯಿತು. ನಮ್ಮನೆಯವರು ಚಿಲಕ ಹಾಕಿ ಇದನ್ನೇ ಮಾಡುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

"ಸೂಜಿ ಕೊಡು ಇಲ್ಲಿ. ಬಗ್ಗು."

ಕಡ್ಡಿ ಅವಳ ಕೈಯಲ್ಲೇ ಉಳಿಯಿತು. ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿದೆ. ಹುಣ್ಣಿಲ್ಲದ ಕಡೆ ಒಂದು ಕೂದಲಿನ ಪಕ್ಕ ಸೂಜಿ ಇಳಿಸಿ, ಚಿಮಟದಿಂದ ಕಿತ್ತೆ. ಅವಳು "ಅಮ್ಮಾ" ಎಂದಳು.

"ಅಣ್ಣ ಕೀಳ್ತಿರಲಿಲ್ಲ. ಸೂಜಿ ಬಿಟ್ಟು ಕಾಯ್ತಿದ್ದ. ತಾನಾಗೇ ಬರತ್ತೆ ಅಂತಿದ್ದ."

ಗಡಿಯಾರ ಕೊಟ್ಟವರಿಗೂ ಅವರು ಕಾಯಿರಿ ಎಂದೇ ಹೇಳುತ್ತಿದ್ದರು. ಮುಂದಿನ ಕೂದಲಿಗೆ ಸೂಜಿ ಇಳಿಸಿ ಕಾದೆ. ಬುಡದಲ್ಲಿ ಚೂರು ಬಿಳಿ ನೊರೆ ಬಂತು. ಚಿಮಟ ಮುಟ್ಟಿಸಿದರೆ ಸಾಕು, ಕೂದಲು ಬೆಣ್ಣೆಯೊಳಗಿಂದ ಎಳೆದ ಹಾಗೆ ಈಚೆ ಬಂತು. ಅವಳಿಗೆ ಗೊತ್ತೇ ಆಗಲಿಲ್ಲ. "ಆಯ್ತಾ ಅತ್ತಿಗೆ?" ಎಂದಳು.

ಆಗ ನಂಬಿದೆ. ಇಂಥ ನಿಧಾನದ ಕೆಲಸ ಅವರದೇ.

ಇಷ್ಟೇನಾ, ಇನ್ನೂ ಏನಾದರೂ ಮುಚ್ಚಿಟ್ಟಿದ್ದೀರಾ ಎಂದು ಕೇಳಿದೆ. ಅವಳು ಇಲ್ಲ ಎಂದಳು. ಇರಲಿ, ನೋಡೋಣ.

ಭೂತಗನ್ನಡಿ ಒರೆಸಿ ಅವರ ಸಾಮಾನಿನ ಡಬ್ಬಿಗೆ ಹಾಕಿ ನನ್ನ ಹತ್ತಿರವೇ ಇಟ್ಟುಕೊಂಡೆ.

"ಹುಣ್ಣು ಮಾಯಲಿ. ಆಮೇಲೆ ಭಾನುವಾರ ನಾನೇ ಮಾಡ್ತೀನಿ," ಎಂದೆ. "ಚಿಲಕ ಮಾತ್ರ ಹಾಕಬೇಡ."