ಸೊರಬಕ್ಕೆ ಹೋದ ಡಬ್ಬ

ಡಬ್ಬಗಳು ಸೊರಬದಿಂದ ಕೊನೆಯ ಸಲ ತಿರುಗಿ ಬಂದ ದಿನ ಒಂದರೊಳಗೆ ಏಳು ನಿಂಬೆಹಣ್ಣು ಇದ್ದವು. ಅಣ್ಣ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲೇ ಮುಚ್ಚಳ ತೆಗೆದು ನೋಡಿ ನಕ್ಕ.

"ಆ ಅಂಗಡಿಯೋರು ಜಿಪುಣ್ರು ಅಂತಿದ್ಯಲ್ಲ, ನೋಡು."

"ಅವರ ಮನೇಲಿ ಗಿಡ ಐತೆ, ಕೊಟ್ಟಾರೆ" ಎಂದೆ.

"ನಿನ್ನ ಮನೇಲಿ ಗಿಡ ಇದ್ದಿದ್ರೆ ಎಲೇನೂ ಕೊಡ್ತಿರ್ಲಿಲ್ಲ ನೀನು."

ಅಣ್ಣ ತಗಡಿನ ಕೆಲಸದವನು. ನಾನು ದುಡಿಯುತ್ತಿದ್ದ ಬೇಕರಿಯ ರಸ್ಕು, ಬಿಸ್ಕತ್ತು ಸೊರಬದ ಒಂದು ಅಂಗಡಿಗೆ ಹೋಗುತ್ತಿದ್ದದ್ದು ಅವನು ಮಾಡಿದ ದೊಡ್ಡ ಡಬ್ಬಗಳಲ್ಲಿ. ಬೆಳಗಿನ ಬಸ್ಸಿನ ಮೇಲೆ ತುಂಬಿ ಹೋಗಿ ಸಂಜೆ ಬಸ್ಸಿಗೆ ಖಾಲಿ ಬರುತ್ತಿದ್ದವು. ಪೂರ್ತಿ ಖಾಲಿ ಅಲ್ಲ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು ಅಂಗಡಿಯವರು ಏನಾದರೂ ಹಾಕಿರುತ್ತಿದ್ದರು. ನೆಗ್ಗಿದ ಡಬ್ಬವನ್ನು ಅಣ್ಣ ನೆಟ್ಟಗೆ ಮಾಡಿ, ಬಾಯಿ ಬಿಟ್ಟ ಕಡೆ ಬೆಸುಗೆ ಹಾಕಿ ಕೊಡುತ್ತಿದ್ದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವನಿಗೆ ನಿತ್ಯ ಸಿಗುತ್ತಿದ್ದ ಕೆಲಸ ಇದೊಂದೇ ಉಳಿದಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಸಂಜೆ ಒಂದು ಮುಚ್ಚಳ ಸೊಟ್ಟಗಾಗಿ ಬಂದಿತ್ತು. ಅಣ್ಣ ಅದನ್ನು ರಿಪೇರಿಗೆ ಇಟ್ಟುಕೊಂಡ. ಮರುದಿನ ಆ ಡಬ್ಬದ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಾಗ ಬೇಕರಿ ಯಜಮಾನರು ಪ್ಲಾಸ್ಟಿಕ್ ಚೀಲಗಳ ಕಟ್ಟೊಂದನ್ನು ತೋರಿಸಿದರು.

"ನಾಳೆಯಿಂದ ಇದ್ರಾಗೆ ಕಳಿಸಬೋದೇನು?"

ಡಬ್ಬಗಳನ್ನು ಹೊತ್ತು ಬಸ್ಸಿನ ಏಣಿ ಹತ್ತುತ್ತಿದ್ದವನು ನಾನು. ಆಗೆಲ್ಲ ನನಗೆ ಸದಾ ಭುಜ ನೋವು. "ಕಳಿಸಬೋದ್ರೀ. ವಾಪಸ್ ತರೋ ರಗಳೇನೂ ಇರಲ್ಲ" ಎಂದೆ.

"ನಿಮ್ಮಣ್ಣ?"

"ನಾನು ಹೇಳ್ತೀನಿ ಬಿಡ್ರಿ."

ಡಬ್ಬಗಳು ಅಲ್ಲೇ ಇರಲಿ, ಕಳಿಸುವುದು ಬೇಡ ಎಂದು ಆ ಬಸ್ಸಿನಲ್ಲೇ ಸೊರಬಕ್ಕೆ ಹೇಳಿ ಕಳಿಸಿದೆ. ಅಣ್ಣನಿಗೆ ಹೇಳಲಿಲ್ಲ. ಅವನು ದಿನಾ ಸಂಜೆ ಬಸ್ಸಿಗೆ ಹೋಗಿ ನಿಲ್ಲುತ್ತಿದ್ದ. "ಯಾಕೋ ಬರ್ಲಿಲ್ಲ" ಎಂದರೆ ನಾನು "ನಾಳೆ ಬರಬೋದು" ಎನ್ನುತ್ತಿದ್ದೆ. ಹೀಗೆ ನಾಲ್ಕು ಸಂಜೆ. ಐದನೆಯ ಸಂಜೆ ಕಂಡಕ್ಟರ್ ನಕ್ಕು, "ಇನ್ನೆಲ್ಲಿ ಡಬ್ಬ ಯಜಮಾನ್ರೇ? ನಿಮ್ಮ ತಮ್ಮನೇ ಚೀಲದಾಗೆ ತುಂಬಿ ಕಳಿಸ್ತಾನಲ್ಲ!" ಎಂದ.

ನಾನು ಹಿಂದೆಯೇ ನಿಂತಿದ್ದೆ. ಅಣ್ಣ ತಿರುಗಿ ನನ್ನನ್ನು ನೋಡಿದ.

"ಭುಜ ನೋವು ಕಮ್ಮಿ ಆತಾ?"

ಚುಚ್ಚಿದನೋ, ನಿಜವಾಗಿ ಕೇಳಿದನೋ, ಇಂದಿಗೂ ನನಗೆ ತಿಳಿದಿಲ್ಲ. ಮತ್ತೆ ಅವನು ಆ ಮಾತು ಎತ್ತಲಿಲ್ಲ. ಬಸ್‌ಸ್ಟ್ಯಾಂಡಿಗೂ ಬರಲಿಲ್ಲ. ಮುಂದಿನ ವರ್ಷ ಜ್ವರ ಬಂದು ತೀರಿಕೊಂಡ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅತ್ತಿಗೆ ಹೇಳುತ್ತಾಳೆ. ನಾನು ಕೇಳದಿದ್ದರೂ ಹೇಳುತ್ತಾಳೆ.

ಅವನ ಸಾಮಾನಿನೊಳಗೆ ಆ ಮುಚ್ಚಳ ಸಿಕ್ಕಿತು. ಅಂಚು ತಿದ್ದಿ ಇಟ್ಟಿದ್ದ. ತೆಗೆದುಕೊಂಡು ಸೊರಬಕ್ಕೆ ಹೋದೆ.

"ಡಬ್ಬ ಎಲ್ಲಾ ಗುಜರಿಗೆ ಹಾಕ್ದೆ ಮಾರಾಯ" ಎಂದರು ಅಂಗಡಿಯವರು. "ನೀನೇ ಬೇಡ ಅಂದಿದ್ಯಲ್ಲ." ಹಿತ್ತಲ ಕಡೆ ಕೈ ತೋರಿಸಿ, "ಈಗ ನಿಂಬೆಹಣ್ಣು ಉದುರಿ ಕೊಳೀತಾವೆ. ಯಾತ್ರಲ್ಲಿ ಹಾಕಿ ಕಳಿಸ್ಲಿ?" ಎಂದರು.

ಹಿತ್ತಲಿನಲ್ಲಿ ಆ ಗಿಡದ ಬುಡಕ್ಕೇ ಚೀಲಗಳ ರಾಶಿ ಬಿದ್ದಿತ್ತು. ಮಗ್ಗುಲು ಹರಿದು ರಸ್ಕು ತೆಗೆದಿದ್ದರು. ಬಾಯಿಗೆ ನಾನು ಹಾಕಿದ ಗಂಟುಗಳು ಹಾಗೆಯೇ ಇದ್ದವು.

ಮುಚ್ಚಳ ಈಗಲೂ ನಮ್ಮ ಮನೆಯಲ್ಲಿದೆ. ಅದರ ಡಬ್ಬ ಇಲ್ಲ.