ಹೊಸಿಲಲ್ಲೇ ಕೇಳು ಎಂದಿದ್ದ ಸಿದ್ದರಾಮು

ಸಿದ್ದರಾಮು ಸತ್ತ ಹನ್ನೆರಡನೆಯ ದಿನ ಹೊನ್ನಯ್ಯ ತನ್ನ ಪಂಪ್‌ಮನೆಯ ಪೆಟ್ಟಿಗೆಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿಕೊಂಡು ಮದ್ದೂರಿನ ರವಿಚಂದ್ರನ ಅಂಗಡಿಗೆ ತಂದ. ಮೇಜಿನ ಮೇಲೆ ಇಡಲಿಲ್ಲ. ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ನಿಂತ.

"ತಗಾ ರವಿ. ಇದ ಇಟ್ಕಳಕ್ಕೆ ನಮ್ಮೋಳು ಒಪ್ತಿಲ್ಲ ಕಣ್ಲಾ. ಮಾಡ್ದೋನ್ನೇ ತಿನ್ಕತು ಅಂತವ್ಳೆ."

ರವಿಚಂದ್ರ ಚೀಲ ಬಿಚ್ಚಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಹಿಂದಿನ ದಿನ, ತಿಥಿ ಊಟ ಮುಗಿದು ಜನ ಎದ್ದ ಮೇಲೆ, ಸಿದ್ದರಾಮುವಿನ ತಾಯಿ ದೇವಿರಮ್ಮ ಅವನ ತೋಳು ಹಿಡಿದು ಕೇಳಿದ್ದಳು: "ಎಲ್ರೂ ಅವ್ನ್ ಕೆಲ್ಸದಲ್ಲೇ ತಪ್ಪಿತ್ತು ಅಂತವ್ರೆ. ನಿಜ್ವಾ ಮಗ? ನೋಡಿ ನಂಗೆ ಯೋಳು." ನೋಡುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ.

ಬಂಡೂರಿನ ಸಿದ್ದರಾಮು ಹತ್ತು ವರ್ಷದವನಿದ್ದಾಗ ಕುರಿ ಕಾಯುತ್ತ ರೇಡಿಯೊ ಬಿಚ್ಚಿ ಕಲಿತವನು. ಮಳವಳ್ಳಿಯಲ್ಲಿ ಐಟಿಐ ಮುಗಿಸಿದ. ಪ್ರೋಗ್ರಾಮಿಂಗನ್ನು ರಟ್ಟು ಕಿತ್ತುಹೋದ ಹಳೆಯ ಪುಸ್ತಕವೊಂದರಿಂದ ಒಬ್ಬನೇ ಕಲಿತ. ಯಲಿಯೂರಿನ ರವಿಚಂದ್ರ ಮಂಡ್ಯದಲ್ಲಿ ಡಿಪ್ಲೊಮಾ ಓದಿದವನು. ಇಬ್ಬರೂ ಸೇರಿ ಮದ್ದೂರಿನಲ್ಲಿ ಅಂಗಡಿ ತೆರೆದು ಎಂಟು ವರ್ಷವಾಗಿತ್ತು. ಮನೆಯಿಂದಲೇ ಫೋನು ಮಾಡಿ ಪಂಪ್‌ಸೆಟ್ಟನ್ನು ಓಡಿಸುವ, ನಿಲ್ಲಿಸುವ ಪೆಟ್ಟಿಗೆ ಮಾಡುತ್ತಿದ್ದರು. ಮದ್ದೂರಿನಿಂದ ಮಳವಳ್ಳಿಯವರೆಗೆ ಅರವತ್ತಮೂರು ಹೊಲಗಳಲ್ಲಿ ಅವರ ಪೆಟ್ಟಿಗೆಗಳಿದ್ದವು. ಪೆಟ್ಟಿಗೆ ಮಾತಾಡುತ್ತಿದ್ದುದು ಸಿದ್ದರಾಮುವಿನ ದನಿಯಲ್ಲೇ: "ಮೋಟ್ರು ಆಫ್ ಆಗದೆ ಕಣಣ್ಣ."

ಹೊನ್ನಯ್ಯನ ಪಂಪ್‌ಮನೆಯಲ್ಲಿ ಕೇಬಲ್ಲಿನ ಜಾಯಿಂಟು ಸುಟ್ಟಿತ್ತು. ಸಿದ್ದರಾಮು ಫೋನು ಮಾಡಿ ಮೋಟರು ನಿಲ್ಲಿಸಿದ, ತನ್ನದೇ ದನಿ ಕೇಳಿಸಿಕೊಂಡ, ನೀರೂ ನಿಂತಿತು, ತಂತಿ ಹಿಡಿದ. ಅಷ್ಟೇ. ಲೈನ್‌ಮನ್ ಬಂದು ಕರೆಂಟಿಲ್ಲ ಎಂದು ಹೇಳಿದರೂ ಫ್ಯೂಸು ಕೀಳದೆ ತಂತಿ ಮುಟ್ಟದವನು, ತನ್ನ ಪೆಟ್ಟಿಗೆಯ ಮಾತನ್ನು ಮಾತ್ರ ನಂಬಿದ್ದ.

ಹೊನ್ನಯ್ಯ ಹೋದ ಮೇಲೆ ರವಿಚಂದ್ರ ಪೆಟ್ಟಿಗೆಗೆ ಕರೆಂಟು ಕೊಟ್ಟು, ಮೋಟರಿನ ಬದಲು ಮೂರು ಫೇಸಿಗೂ ಒಂದೊಂದು ಬಲ್ಬು ಕಟ್ಟಿದ. ಒಳಗಿನ ಕಂಪ್ಯೂಟರ್ ಚಿಪ್‌ನಿಂದ ನಾಲ್ಕು ಸಣ್ಣ ತಂತಿ ಎಳೆದು ಲ್ಯಾಪ್‌ಟಾಪಿಗೆ ಸೇರಿಸಿದ. ಡೀಬಗ್ಗರ್ ತೆರೆದ. ಓಡುತ್ತಿರುವ ಪ್ರೋಗ್ರಾಮನ್ನು ಬೇಕಾದ ಸಾಲಿನಲ್ಲಿ ನಿಲ್ಲಿಸಿ ಒಳಗೆ ಇಣುಕಿ ನೋಡುವ ಸಾಧನ ಅದು. ಅದನ್ನು ಬಳಸುವುದು ಕಲಿಸಿದವನೂ ಸಿದ್ದರಾಮುವೇ.

ಪ್ರೋಗ್ರಾಮಿನಲ್ಲಿ ಒಂದೊಂದು ಸಣ್ಣ ಕೆಲಸಕ್ಕೂ ಒಂದೊಂದು ಫಂಕ್ಷನ್ ಇರುತ್ತದೆ. ಅದು ಕೆಲಸ ಮುಗಿಸಿ, ಕರೆದವರಿಗೆ ಉತ್ತರ ತಂದುಕೊಡುತ್ತದೆ. ಆರಿಸುವ ಫಂಕ್ಷನ್ನನ್ನು ಸಿದ್ದರಾಮು ಬರೆದಿದ್ದ. ಅದು ಮೂರು ಫೇಸನ್ನೂ ಕಡಿದು, ಮೂರು ಸೆಕೆಂಡು ಕಾದು, ಇನ್ನೂ ಎಷ್ಟರಲ್ಲಿ ಕರೆಂಟಿದೆ ಎಂದು ನೋಡಿ, ಆ ಸಂಖ್ಯೆಯನ್ನು ತರಬೇಕು. ಸೊನ್ನೆ ಬಂದರೆ ಕ್ಷೇಮ.

ಡೀಬಗ್ಗರಿಗೆ ಆ ಉತ್ತರ ಎಲ್ಲಿ ಸಿಗುತ್ತದೆ ಎಂದು ರವಿಚಂದ್ರ ಒಮ್ಮೆ ಕೇಳಿದ್ದ. ಸಿದ್ದರಾಮು ನಕ್ಕಿದ್ದ.

"ಲೇ ಡಿಪ್ಲೊಮಾ, ಉತ್ತರ ಇಡಕ್ಕೆ ಚಿಪ್ಪಲ್ಲಿ ಒಂದೇ ಒಂದು ಗೂಡು ಕಣ್ಲಾ. ಎಲ್ರೂ ಅಲ್ಲೇ ಇಡ್ಬೇಕು. ಇದು ಇಟ್ಟೋಯ್ತದೆ, ಹಿಂದ್ಗುಟ್ಟೆ ಇನ್ನೊಂದು ಬಂದು ಅದ್ರ ಮ್ಯಾಲೇ ಇಡ್ತದೆ. ಫಂಕ್ಷನ್ನು ಎಲ್ಲಿಗೆ ವಾಪಸ್ ಬರ್ಬೇಕು ಅಂತ ಮೊದ್ಲೇ ಬರ್ದಿರ್ತದಲ್ಲ, ಡೀಬಗ್ಗರ್ರು ಅಲ್ಲೋಗಿ ಕಾವಲು ನಿಂತ್ಕತದೆ. ಬಂದೇಟ್ಗೆ ತಡ್ದು ಗೂಡು ನೋಡ್ತದೆ. ನಮ್ಮವ್ವ ನನ್ನ ಯಾರ್ ಮನೆಗಾರ ಕಳ್ಸುದ್ರೆ ವಾಪಸ್ ಬರ್ತಾ ಹೊಸಿಲಲ್ಲೇ ನಿಲ್ಸಿ ಕೇಳೋಳು, ಏನಂದ್ರು ಅಂತ. ಒಳಿಕ್ಕೆ ಬಂದು ಕಾಪಿ ಕುಡುದ್ರೆ ಕತೆ ಬ್ಯಾರೆ ಆಯ್ತದಲ್ಲ, ಅದ್ಕೆ."

ರವಿಚಂದ್ರ ಆರಿಸುವ ಫಂಕ್ಷನ್ನಿನ ಮೊದಲ ಸಾಲಿಗೆ ತಡೆ ಹಾಕಿ, ಪೆಟ್ಟಿಗೆಗೆ ಫೋನು ಮಾಡಿ ಕಿವಿಗಿಟ್ಟುಕೊಂಡ. ಪ್ರೋಗ್ರಾಮು ಆ ಸಾಲಿಗೆ ಬಂದು ನಿಂತಿತು. ಫಂಕ್ಷನ್ ಇನ್ನೂ ಏನೂ ಮಾಡಿರಲಿಲ್ಲ. ಮೂರು ಬಲ್ಬೂ ಉರಿಯುತ್ತಿದ್ದವು.

"ಮೋಟ್ರು ಆಫ್ ಆಗದೆ ಕಣಣ್ಣ," ಎಂದ ಸಿದ್ದರಾಮು, ಕಿವಿಯಲ್ಲಿ.

ಫೋನು ಕೈಜಾರಿ ಮೇಜಿನ ಮೇಲೆ ಬಿತ್ತು. ಸತ್ತವನ ದನಿ ಕೇಳಿದ್ದಕ್ಕಲ್ಲ. ಆ ಮಾತು ಬರಬಾರದ ಹೊತ್ತಿಗೆ ಬಂದಿತ್ತು.

ರವಿಚಂದ್ರ ಡೀಬಗ್ಗರಿಗೆ 'ಮುಗಿಸಿ ಬಾ' ಎನ್ನುವ ಆದೇಶ ಕೊಟ್ಟ. ಎರಡು ಬಲ್ಬು ಆರಿದವು. ಮೂರನೆಯದು ಆರಲಿಲ್ಲ. ಕರೆಂಟು ಕಡಿಯುವ ಕಾಂಟ್ಯಾಕ್ಟರ್ ಸ್ವಿಚ್ಚಿನಲ್ಲಿ ಒಂದು ಫೇಸಿನ ಪಾಯಿಂಟು ಬೆಸೆದುಕೊಂಡು ಹೋಗಿತ್ತು. ಮೋಟರು ನಿಂತಿದ್ದರೂ ಆ ತಂತಿಯಲ್ಲಿ ಕರೆಂಟು ಉಳಿದಿತ್ತು. ಫಂಕ್ಷನ್ ಹಿಂತಿರುಗಿತು, ಡೀಬಗ್ಗರ್ ಅದನ್ನು ತಡೆದು ಗೂಡು ನೋಡಿತು. ತೆರೆಯ ಮೇಲೆ ಉತ್ತರ ಮೂಡಿತು: ಒಂದು.

ಸಿದ್ದರಾಮುವಿನ ಕೆಲಸ ಸರಿಯಾಗಿತ್ತು. ಅಪಾಯವಿದೆ ಎಂದು ಅದು ಹೇಳಿತ್ತು. ರವಿಚಂದ್ರ ಇನ್ನೊಂದು ಹೆಜ್ಜೆ ಮುಂದಕ್ಕೆ ಬಿಟ್ಟ. ಮುಂದಿನ ಕೆಲಸ ಬಂದು ಅದೇ ಗೂಡಿನಲ್ಲಿ ಬೇರೇನೋ ಇಟ್ಟಿತು. ಆ 'ಒಂದು' ಅಳಿಸಿಹೋಯಿತು. ಅದನ್ನು ಯಾರೂ ಕೇಳಿಸಿಕೊಳ್ಳಲೇ ಇಲ್ಲ.

ಯಾಕೆ ಎಂದು ಹುಡುಕಬೇಕಾಗಿರಲಿಲ್ಲ. ಈ ಸೀಮೆಯಲ್ಲಿ ಫೋನು ಎಂದರೆ ಮಿಸ್ಡ್ ಕಾಲು. ಎರಡು ಸೆಕೆಂಡಿಗೆ ಕತ್ತರಿಸಿಯೇ ಎಲ್ಲರಿಗೂ ರೂಢಿ. ಆರಿಸಿ, ನೋಡಿ, ಆಮೇಲೆ ಮಾತಾಡುವ ಪೆಟ್ಟಿಗೆಯ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಕೆಲಸ ಆಗಲಿಲ್ಲವೆಂದು ಮತ್ತೆ ಫೋನು ಮಾಡಿದರೆ ನಿಂತ ಮೋಟರು ಮತ್ತೆ ಓಡುತ್ತಿತ್ತು. "ನಿನ್ ಪೆಟ್ಗೆ ಮೂಗಿ ಕಣ್ಲಾ," ಎಂದು ಬೈದವರಲ್ಲಿ ಹೊನ್ನಯ್ಯನೇ ಮೊದಲಿಗ. ಹಿಂದೊಮ್ಮೆ ಸಿದ್ದರಾಮು ಡೆಂಗಿ ಬಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದ ವಾರ ರವಿಚಂದ್ರ ಎರಡು ಸಾಲು ಮೇಲೆ ಕೆಳಗೆ ಮಾಡಿದ. ಮೊದಲು ಮಾತು, ಆಮೇಲೆ ಕೆಲಸ. ಉತ್ತರ ನೋಡುವ ಸಾಲು ಇನ್ನೇಕೆ ಎಂದು ತೆಗೆದುಹಾಕಿದ. ಅರವತ್ತಮೂರು ಪೆಟ್ಟಿಗೆಗೂ ಅದನ್ನೇ ತುಂಬಿದ. ಎಲ್ಲರೂ ಹೊಗಳಿದರು. ಸಿದ್ದರಾಮುವಿಗೆ, ಮೊದಲು ಹುಷಾರಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡ. ಹೇಳಲೇ ಇಲ್ಲ.

ಸಂಜೆ ನಾಲ್ಕರವರೆಗೆ ಒಂದೊಂದೇ ನಂಬರಿಗೆ ಫೋನು ಮಾಡಿದ. ಫ್ಯೂಸು ಕೀಳದೆ ಯಾರೂ ತಂತಿ ಮುಟ್ಟಬೇಡಿ, ಪೆಟ್ಟಿಗೆ ಬಿಚ್ಚಿ ತರುತ್ತೇನೆ ಎಂದ. ಯಾಕೆ ಎಂದು ಕೇಳಿದವರಿಗೆಲ್ಲ, ನಾನು ತಪ್ಪು ಮಾಡಿದ್ದೇನೆ ಎಂದ. ಆಮೇಲೆ ಬೈಕು ಹತ್ತಿ ಬಂಡೂರಿಗೆ ಹೋದ.

ದೇವಿರಮ್ಮ ಜಗುಲಿಯಲ್ಲಿ ಕುರಿಮರಿಗೆ ಸೊಪ್ಪು ಹಾಕುತ್ತಿದ್ದಳು. "ಬಾ ಮಗ, ಒಳಿಕ್ಕೆ ಬಾ. ಕಾಪಿ ಕುಡ್ದು ಯೋಳುವಂತೆ."

ರವಿಚಂದ್ರ ಹೊಸಿಲಲ್ಲೇ ನಿಂತ. "ಬ್ಯಾಡ ಕಣವ್ವ. ಈಗ್ಲೇ ಕೇಳು. ಒಳಿಕ್ಕೆ ಬಂದ್ರೆ ನಂಗೆ ಯೋಳಕ್ಕಾಗಲ್ಲ."

ಅವಳು ಸೊಪ್ಪು ಕೆಳಗಿಟ್ಟಳು. "ನನ್ ಮಗ ತಪ್ಪು ಮಾಡಿದ್ನಾ?"

"ಇಲ್ಲ ಕಣವ್ವ. ಅವ್ನು ಮಾಡಿದ್ದು ಸರಿಯಾಗೇ ಇತ್ತು. ಒಂದ್ ತಂತೀಲಿ ಕರೆಂಟದೆ ಅಂತ ಅದು ಯೋಳ್ತು. ಅದ ಕೇಳುಸ್ಕಳ್ದಂಗೆ ಮಾಡಿದ್ದು ನಾನು."

"ಅವ್ನ್ಗೆ ಗೊತ್ತಿತ್ತಾ?"

"ಇಲ್ಲ. ನಾನು ಯೋಳಿರ್ನಿಲ್ಲ."

ಅವಳು ಎದ್ದು ಒಳಗೆ ಹೋದಳು. ಅವನು ನಿಂತೇ ಇದ್ದ. ಹೊರಬಂದಾಗ ಸೆರಗನ್ನು ತಲೆ ತುಂಬ ಹೊದ್ದಿದ್ದಳು.

"ಈಗ ಡೈರಿ ತಾವ ಹಾಲಾಕಕ್ಕೆ ಊರೆಲ್ಲ ನಿಂತಿರ್ತದೆ. ಅಲ್ಲೂ ಇಂಗೇ ಯೋಳ್ತೀಯಾ?"

"ಯೋಳ್ತೀನಿ."

"ನಡಿ ಅಂಗಾರೆ," ಎಂದಳು. ಅವನ ಮುಖ ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮುಂದೆ ಮುಂದೆ ನಡೆದಳು.