ಸಪ್ಪಗಾದ ದೇವರು

ಹೋದ ಶುಕ್ರವಾರ ಕೆ.ಆರ್. ಪೇಟೆಯ ನಮ್ಮ ಬೀದಿಯ ದೇವಸ್ಥಾನದಲ್ಲಿ, ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ಕರೆಂಟಿನ ನಗಾರಿಗೆ ಕಾಲಿನ ಹೆಬ್ಬೆರಳು ತಾಗಿಸಿಕೊಂಡೆ. ಗುಂಡಿ ಒತ್ತಿದರೆ ಡೋಲು, ಗಂಟೆ, ಜಾಗಟೆ ಎಲ್ಲ ಒಟ್ಟಿಗೆ ಬಡಿದುಕೊಳ್ಳುವ ಆ ಡಬ್ಬ ನಿಮ್ಮೂರಲ್ಲೂ ಇರಬಹುದು. ನಮ್ಮ ಮಾವನ ನೆಮ್ಮದಿ ಕೆಡಿಸಿದ್ದು ಅದೇ.

ಮಾವ ಅಲ್ಲಿ ಅರ್ಚಕರಾಗಿದ್ದರು. ಗಂಧದ ಅಲಂಕಾರದಲ್ಲಿ ಅವರದು ಎತ್ತಿದ ಕೈ. ಪರದೆಯೊಳಗೆ ಎರಡು ಗಂಟೆ ಕೂತು ದೇವರ ಮುಖಕ್ಕೆ ಗಂಧ ಮೆತ್ತಿ, ತಿದ್ದಿ, ಕೊನೆಗೆ ಬೆಳ್ಳಿಕಣ್ಣು ಅಂಟಿಸುವರು. ಹೊಣಕೆರೆಯ ಚಿಕ್ಕಣ್ಣ ಹೊರಗೆ ನಾಗಸ್ವರ ಊದುವನು. ಪರದೆ ಸರಿದರೆ ಸಾಕು, ದೇವರು ನಕ್ಕ ಎನ್ನುವರು ಜನ. ನಾನೂ ಎನ್ನುತ್ತಿದ್ದೆ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಬೇರೆ. ನನ್ನ ಮಾತಿಗೆ ತೂಕವಿದೆ ಅಂತ ನಾನೇ ಅಂದುಕೊಂಡಿದ್ದೆ.

ಒಂದು ಸಲ ಚಿಕ್ಕಣ್ಣ ಮುಂದಿನ ಹಲ್ಲೆಲ್ಲ ಕೀಳಿಸಿಕೊಂಡ. ಹಲ್ಲುಸೆಟ್ಟು ಬರುವವರೆಗೆ ಊದುವಂತಿಲ್ಲ. ಡಬ್ಬ ಬಂತು. ಅಲಂಕಾರದಲ್ಲಿ ಎಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಆದರೂ ಡೈರಿಗೆ ಹಾಲು ಹಾಕಿ ಬಂದ ಕೆಂಪಮ್ಮ ಕೈಮುಗಿದು, "ಯಾಕೋ ಇವತ್ತು ದೇವ್ರು ಸಪ್ಪಗವ್ನೆ," ಅಂದುಬಿಟ್ಟಳು.

ಮಾವ ಅವತ್ತು ಊಟಕ್ಕೆ ಏಳಲಿಲ್ಲ. "ನಿಜ ಹೇಳು ಕಣೋ. ನಲವತ್ತು ವರ್ಷ ಜನ ಮೆಚ್ಚಿದ್ದು ನನ್ನ ಕೈಯನ್ನೋ, ಅವನ ಉಸಿರನ್ನೋ?"

ಎರಡನ್ನೂ ಅಂದೆ. ಅದು ಉತ್ತರವಲ್ಲ ಅಂದರು. ಚಿಕ್ಕಣ್ಣನನ್ನೇ ಕೇಳಿದರೆ ಬೊಚ್ಚುಬಾಯಲ್ಲಿ ನಕ್ಕ: "ಊದುವಾಗ ಕಣ್ ಮುಚ್ಕಂಡಿರ್ತೀನಿ ಸ್ವಾಮಿ. ನಿಮ್ ದೇವ್ರು ಎಂಗವ್ನೆ ಅಂತ ನಂಗೇನ್ ಗೊತ್ತು?"

ಮುಂದಿನ ವಾರ ಮಾವ ಡಬ್ಬವನ್ನೂ ನಿಲ್ಲಿಸಿ, ಸದ್ದಿಲ್ಲದೆ ಪರದೆ ಸರಿಸಿ, ನನ್ನ ಮುಖವನ್ನೇ ನೋಡಿದರು. ಅಯ್ಯೋ ಶಿವನೇ, ದೇವರ ಎಡಗಣ್ಣು ಗೋಧಿಕಾಳಿನಷ್ಟು ಕೆಳಗಿತ್ತು! ಚೆನ್ನಾಗಿದೆ ಮಾವ ಅಂದೆ. ಮನೆಗೆ ಬಂದು ಹಳೆಯ ಫೋಟೋ ತೆಗೆದರೆ ಎಲ್ಲದರಲ್ಲೂ ಹಾಗೇ. ಅಷ್ಟು ವರ್ಷ ಕಿವಿ ನನ್ನ ಕಣ್ಣಿಗೆ ಸುಳ್ಳು ಹೇಳಿತ್ತೋ, ಅವತ್ತಿನಿಂದ ಕಣ್ಣೇ ತಪ್ಪು ನೋಡತೊಡಗಿತೋ, ಇವತ್ತಿಗೂ ಬಗೆಹರಿದಿಲ್ಲ. ಚಿಕ್ಕಣ್ಣ ಹಲ್ಲು ಕಟ್ಟಿಸಿಕೊಂಡು ಬಂದ ಮೇಲೆ ದೇವರು ಮತ್ತೆ ನಕ್ಕ. ಮಾವ ಮಾತ್ರ ಆ ಹೊಗಳಿಕೆಗೆ ಮತ್ತೆಂದೂ ಹಿಗ್ಗಲಿಲ್ಲ. ಹಾಗೇ ಹೋಗಿಬಿಟ್ಟರು.

ಈಗ ಅಲಂಕಾರ ಅವರ ಮಗನದು. ದಾರ ಹಿಡಿದು ಅಳೆದು ಕಣ್ಣಿಡುತ್ತಾನೆ. ಹೋದ ಶುಕ್ರವಾರ ಮುದುಕ ಚಿಕ್ಕಣ್ಣ ಮೆಟ್ಟಿಲು ಹತ್ತಿ ಇನ್ನೂ ಏದುಸಿರು ಬಿಡುತ್ತಿದ್ದಾಗಲೇ ಪರದೆ ಸರಿಯಿತು. ಎರಡು ಕಣ್ಣೂ ಸಮ. ತಪ್ಪು ಹುಡುಕಿ ಸೋತೆ. ಆಮೇಲೆ ಚಿಕ್ಕಣ್ಣ ಊದತೊಡಗಿದ. ನೋಡನೋಡುತ್ತ ಎಡಗಣ್ಣು ಗೋಧಿಕಾಳಿನಷ್ಟು ಕೆಳಗಿಳಿಯಿತು. ಕಣ್ಣುಜ್ಜಿಕೊಂಡೆ, ಅಲ್ಲೇ ಇತ್ತು.

"ಮೆಚ್ಚಿದ್ದು ನಿಮ್ಮ ಕೈಯನ್ನೇ ಮಾವ," ಅಂದೆ, ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ.